ಡಿಸ್‌ಪ್ಲೇ ಮೇಲೆ ಏನು ಬರ್ತಿದೆ ಸರ್?

ಗೆ,
ಟೈಮ್ ಸರ್ವರ್ ಮಾರಿ ಕೈ ತೊಳೆದುಕೊಂಡ ಕಂಪನಿಯ ಗ್ರಾಹಕ ಸೇವಾ ವಿಭಾಗದವರಿಗೆ

ಮಾನ್ಯರೆ,

ವಿಷಯ: ಮುಂಭಾಗದ ಡಿಸ್‌ಪ್ಲೇ ಸತ್ತಿರುವ ಬಗ್ಗೆ.
ಉಲ್ಲೇಖ: ತಾವು ಮುಚ್ಚಿದ, ನಾನು ಮತ್ತೆ ತೆರೆಸಿದ, ತಾವು ಮತ್ತೆ ಮುಚ್ಚಿದ ದೂರು.

ಇವತ್ತು ಮಧ್ಯಾಹ್ನ ಊಟ ಬಿಟ್ಟು ನಿಮ್ಮ ಹೋಲ್ಡ್ ಸಂಗೀತ ಕೇಳಿದವನ ಪತ್ರ ಇದು. ಸರ್ವರ್ ರೂಮಿನ ಚಳಿಯಲ್ಲಿ ನಿಂತು, ಒಂದು ಕಿವಿಗೆ ನಿಮ್ಮ ಕೊಳಲು, ಇನ್ನೊಂದಕ್ಕೆ ಫ್ಯಾನುಗಳ ಗದ್ದಲ. ಕಡೆಗೂ ನಿಮ್ಮ ಹುಡುಗ ಸಿಕ್ಕಿದ. ಮೊದಲ ಪ್ರಶ್ನೆ: "ಡಿಸ್‌ಪ್ಲೇ ಮೇಲೆ ಏನು ಬರ್ತಿದೆ ಸರ್?"

ಕತ್ತಲು ಬರ್ತಿದೆಯಪ್ಪಾ.

"ಎರರ್ ಕೋಡ್ ಏನಾದ್ರೂ?" ಕತ್ತಲು. "ಮೆನು ಬಟನ್ ಒತ್ತಿ, ಫರ್ಮ್‌ವೇರ್ ವರ್ಷನ್ ಓದಿ ಹೇಳಿ ಸರ್." ಒತ್ತಿದೆ. ಕತ್ತಲು. ಆ ನಂಬರಿಲ್ಲದೆ ದೂರು ದಾಖಲಾಗುವುದಿಲ್ಲವಂತೆ. ಬ್ರೌಸರ್‌ನಲ್ಲಿ ತೆರೆದರೆ ಅದೇ ನಂಬರು ಕಾಣುತ್ತದೆ, ಓದಲೇ ಅಂದೆ. ಬೇಡವಂತೆ, ಡಿಸ್‌ಪ್ಲೇ ಮೇಲಿನದೇ ಬೇಕಂತೆ. ಫಾರ್ಮ್ ಹಾಗೇ ಇದೆಯಂತೆ.

"ಹಾಗಾದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್."

ಸ್ವಾಮಿ, ಇದು ಮನೆಯ ಟಿವಿ ಸೆಟ್‌ಟಾಪ್ ಬಾಕ್ಸ್ ಅಲ್ಲ. ನಮ್ಮ ಅಷ್ಟೂ ಯಂತ್ರಗಳಿಗೆ ಹೊತ್ತು ಹೇಳುವುದು ಇದೊಂದೇ. ಇದು ಹೊತ್ತು ಹಿಡಿಯುವುದು ಜಿಪಿಎಸ್ ಉಪಗ್ರಹಗಳಿಂದ, ಆಫ್ ಮಾಡಿದರೆ ಮತ್ತೆ ಮೊದಲಿಂದ ಹಿಡಿಯಬೇಕು. ಜಿಪಿಎಸ್ ಸಮಯ ಜಗತ್ತು ಬಳಸುವ ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಆ ವ್ಯತ್ಯಾಸವೂ ಉಪಗ್ರಹದ ಸಂದೇಶದಲ್ಲೇ ಬರಬೇಕು, ಇಡೀ ಸಂದೇಶ ಒಂದು ಸುತ್ತು ಮುಗಿಯಲು ಹನ್ನೆರಡೂವರೆ ನಿಮಿಷ. ಒಳಗಿನ ಆಸಿಲೇಟರ್ ಬಿಸಿಯಾಗಿ ನೆಲೆಗೊಳ್ಳುವ ಹೊತ್ತು ಬೇರೆ. ಆರೋಗ್ಯವಾಗಿರುವ ಗಡಿಯಾರವನ್ನು ಅದರ ಮುಖ ಕಾಣುತ್ತಿಲ್ಲ ಅಂತ ನಿಲ್ಲಿಸಬೇಕೆ? ಇಷ್ಟನ್ನೂ ಹುಡುಗನಿಗೆ ಹೇಳಿದೆ. "ಸರಿ ಸರ್, ಆಫ್ ಮಾಡಿದ್ರಾ?" ಅಂದ.

ಮುಖ ಯಾಕೆ ಬೇಕು ಅಂತ ನೀವು ಕೇಳಬಹುದು. ಯಂತ್ರಕ್ಕೇನೂ ಬೇಡ. ಯಂತ್ರಗಳ ಹೊತ್ತು ಹೊಂದಿಸಲು ಡೇವಿಡ್ ಮಿಲ್ಸ್ ರೂಪಿಸಿದ ಎನ್‌ಟಿಪಿ ಪ್ರೋಟೊಕಾಲ್ 1985ರಿಂದಲೂ ತಂತಿಯೊಳಗೇ ಹೊತ್ತು ಕೇಳಿ, ಹೊತ್ತು ಹೇಳಿ ಬದುಕಿದೆ. ಬೇಕಾಗಿರುವುದು ನಮ್ಮ ಆಡಿಟರಿಗೆ. ಸಂಸ್ಥೆಗಳ ಕಂಪ್ಯೂಟರ್ ಗಡಿಯಾರಗಳೆಲ್ಲ ರಾಷ್ಟ್ರೀಯ ಮಾಹಿತಿ ಕೇಂದ್ರ (ಎನ್‌ಐಸಿ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ಕೊಟ್ಟಿದೆಯಲ್ಲ, ಅಂದಿನಿಂದ ಆಡಿಟರು ರ‍್ಯಾಕಿನ ಮುಂದೆ ಬಂದು ನಿಲ್ಲುವುದು ರೂಢಿ. ಲಾಗ್ ಕೊಟ್ಟರೆ ಆಕಳಿಸುತ್ತಾರೆ. ಮುಂದೆ ಅಂಕಿ ಓಡುವುದನ್ನು ಫೋಟೋ ಹೊಡೆದುಕೊಂಡರೆ ಮಾತ್ರ ಸಮಾಧಾನ. ಮೂಲವಿಗ್ರಹ ಗರ್ಭಗುಡಿಯಲ್ಲೇ ಇರಲಿ, ಉತ್ಸವಮೂರ್ತಿ ಬೀದಿಗೆ ಬರದಿದ್ದರೆ ಜನ ಒಪ್ಪುವುದಿಲ್ಲ.

ನಿಮ್ಮ ಹುಡುಗ ಮತ್ತೆ ಕೊಳಲು ಹಚ್ಚಿ ಹೋದಾಗ ಮೊಬೈಲ್ ಟಾರ್ಚ್ ಹಾಕಿ ಗಾಜಿಗೆ ಓರೆಯಾಗಿ ಹಿಡಿದೆ. ಒಂದಿಷ್ಟು ಬಗ್ಗಿ, ಕತ್ತು ವಾಲಿಸಿ ನೋಡಿದರೆ ಬೂದು ಬಣ್ಣದ ಮಸುಕು ಅಂಕಿಗಳು: 13:42:07, 08, 09. ತನ್ನ ಪಾಡಿಗೆ ಓಡುತ್ತಿತ್ತು ಬಡಪಾಯಿ! ಬಟನ್ ಒತ್ತಿದರೆ ಮೆನುವೂ ಬದಲಾಗುತ್ತಿತ್ತು. ಅಂದರೆ ಎಲ್‌ಸಿಡಿ ಸರಿಯಿದೆ, ಬಟನ್ ಸರಿಯಿದೆ, ಹೋಗಿರುವುದು ಹಿಂದಿನ ಬ್ಯಾಕ್‌ಲೈಟ್ ಮಾತ್ರ. ವರ್ಷಗಟ್ಟಲೆ ಹಗಲೂ ರಾತ್ರಿ ಉರಿದದ್ದು ಆರದೆ ಏನು ಮಾಡೀತು? ಒಂದು ಡಿಸ್‌ಪ್ಲೇ ಬೋರ್ಡ್ ಕಳಿಸಿದರೆ ಮುಗಿಯುವ ಕೆಲಸ.

ಸಂತೋಷಕ್ಕೆ ಫರ್ಮ್‌ವೇರ್ ನಂಬರನ್ನೂ ಟಾರ್ಚ್ ಬೆಳಕಲ್ಲೇ ಓದಿ ಹೇಳಿದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ:

"ಹಾಗಾದ್ರೆ ಡಿಸ್‌ಪ್ಲೇ ವರ್ಕ್ ಆಗ್ತಿದೆ ಅಲ್ವಾ ಸರ್?"

ದೂರು ಮುಚ್ಚಿದ.

ಓದಲು ಆಗದಿದ್ದರೆ ದೂರು ದಾಖಲಾಗುವುದಿಲ್ಲ. ಓದಲು ಆದರೆ ದೂರೇ ಇಲ್ಲ. ಈ ಫಾರ್ಮ್ ಬರೆದ ಪುಣ್ಯಾತ್ಮ ಯಾರು? ನನಗೆ ಹುಡುಗನ ಮೇಲೆ ಸಿಟ್ಟಿಲ್ಲ, ಅವನ ಸಂಬಳಕ್ಕೆ ಅವನು ಫಾರ್ಮ್ ಓದಿದ್ದಾನೆ. ಸಿಟ್ಟು ಬರುವುದು ನಿಮ್ಮ ಮೇಲೆ. ಅಷ್ಟು ದುಡ್ಡು ಎಣಿಸಿಕೊಂಡು, ಒಂದು ದೀಪ ಆರಿದ್ದಕ್ಕೆ ಇಡೀ ಯೂನಿಟ್ ಹೊಸದು ಕೊಳ್ಳಿ ಅಂತ ಕೊಟೇಶನ್ ಕಳಿಸಲು ನಿಮಗೆ ನಾಚಿಕೆ ಬೇಡವೆ? ಬೋರ್ಡ್ ಬಿಡಿಯಾಗಿ ಕೊಡಿ ಅಂದರೆ "ಪಾಲಿಸಿ ಇಲ್ಲ". ನಾನೇ ಬಿಚ್ಚಿ ನೋಡಲೇ ಅಂದರೆ ಸೀಲ್ ಹರಿದರೆ ವಾರಂಟಿ ಹೋಗುತ್ತದಂತೆ. ವಾರಂಟಿ ಮುಗಿದಿದೆ ಅಂತಲ್ಲವೆ ನೀವು ಕೊಟೇಶನ್ ಕಳಿಸಿದ್ದು!

ಸಂಜೆ ಎಸ್‌ಎಂಎಸ್ ಬಂತು: ದೂರು ಪರಿಹಾರವಾಗಿದೆ, ನಮ್ಮ ಸೇವೆಗೆ ಅಂಕ ಕೊಡಿ. "ಕತ್ತಲು" ಅಂತ ಟೈಪ್ ಮಾಡಿ ಕಳಿಸಿದೆ. ಒಂದರಿಂದ ಐದರೊಳಗೆ ಇರಬೇಕಂತೆ.

ಅದೇ ಎಸ್‌ಎಂಎಸ್‌ನಲ್ಲಿ ದೂರು ಮುಗಿದ ಸಮಯ 13:38 ಎಂದಿದೆ. ನಾನು ಟಾರ್ಚ್ ಹಿಡಿದದ್ದೇ 13:42ಕ್ಕೆ. ಜಗತ್ತಿಗೆ ಮೈಕ್ರೋಸೆಕೆಂಡು ಮಾರುವವರು ನೀವು! ಬ್ಯಾಕ್‌ಲೈಟ್ ಕಳಿಸುವುದು ನಿಧಾನವಾಗಲಿ, ಅಲ್ಲಿಯವರೆಗೆ ನಮ್ಮ ಸರ್ವರ್‌ನ ಐಪಿ ವಿಳಾಸ ಕೊಡುತ್ತೇನೆ, ನಿಮ್ಮ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ. ಡಿಸ್‌ಪ್ಲೇ ನೋಡುವ ಅಗತ್ಯ ಬೀಳುವುದಿಲ್ಲ.

ಇಂತಿ,
ಟಾರ್ಚ್ ಹಿಡಿದು ನಿಂತಿರುವ ತಮ್ಮ ಗ್ರಾಹಕ