ನಾಳೆ ತೊಟ್ಟಿಲು, ತಪ್ಪದೆ ಬರ್ರಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ಶ್ರಾವಣದಲ್ಲಿ ಹಗಲೆಲ್ಲ ಹೊಲದಲ್ಲಿ ಹೆಸರು ಬಿಡಿಸುವ ಗದ್ದಲ, ರಾತ್ರಿ ಮಠದಲ್ಲಿ ಪುರಾಣ. ಊರೂರಲ್ಲೂ ಪುರಾಣ ಹಚ್ಚುತ್ತಾರೆ. ಕಲಬುರಗಿಯ ಶರಣಬಸವೇಶ್ವರರ ಪುರಾಣಕ್ಕೆ ಬೇಡಿಕೆ ಜಾಸ್ತಿ. ದಿನಕ್ಕಿಷ್ಟು ಎಂದು ತಿಂಗಳಿಡೀ ನಡೆಯುತ್ತದೆ. ಹಾರ್ಮೋನಿಯಂ ಹಿಡಿದವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳಾಗಿದ್ದರೆ ಮುಗಿಯಿತು. ಜನ ತಲೆದೂಗುವುದರಲ್ಲೇ ಅರ್ಧ ತಾಸು ಹೋಗಿ, ಕಥೆ ನಿನ್ನೆ ನಿಂತಲ್ಲೇ ನಿಂತಿರುತ್ತದೆ.

ಎಲ್ಲಿ ನಿಲ್ಲಿಸಬೇಕೆಂಬುದನ್ನು ಪುರಾಣ ಹೇಳುವ ಶಾಸ್ತ್ರಿಗಳಿಂದ ಕಲಿಯಬೇಕು. ಶರಣರ ತಾಯಿಗೆ ಬೇನೆ ಕಾಣಿಸಿಕೊಂಡಿತು ಎನ್ನುವಷ್ಟಕ್ಕೆ ಮಂಗಳಾರತಿ. ಮೈಕಿನಲ್ಲಿ ‘ನಾಳೆ ತೊಟ್ಟಿಲು, ತಪ್ಪದೆ ಬರ್ರಿ’ ಎಂದು ಕೂಗು. ಮರುದಿನ ಹೆಂಗಸರು ನಿಜವಾಗಿಯೂ ತೊಟ್ಟಿಲು ಸಿಂಗರಿಸಿ, ಜೋಗುಳ ಹಾಡಿ, ಎಂದೋ ಹುಟ್ಟಿದ ಶರಣರಿಗೆ ಮತ್ತೊಮ್ಮೆ ಹೆಸರಿಡುತ್ತಾರೆ. ಮದುವೆಯ ಅಧ್ಯಾಯ ಬಂದರೆ ಅಕ್ಕಿಕಾಳು ಬೀಳುತ್ತವೆ. ವಾರಪತ್ರಿಕೆಯ ಧಾರಾವಾಹಿಯ ನಾಯಕಿಗೆ ಯಾರಾದರೂ ಉಡಿ ತುಂಬಿದ್ದನ್ನು ನಾನಂತೂ ಕೇಳಿಲ್ಲ.

ಹಾಗೆಂದು ವಾರಪತ್ರಿಕೆಗಳ ಧಾರಾವಾಹಿ ಕಮ್ಮಿಯದೇನಲ್ಲ. 1921ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ ಹುಟ್ಟಿತು, 1965ರಲ್ಲಿ ಬೆಂಗಳೂರಿನಿಂದ ‘ಸುಧಾ’ ಬಂತು, 1983ಕ್ಕೆ ಮಣಿಪಾಲದ ‘ತರಂಗ’. ಒಂದು ಪ್ರತಿ ಓಣಿಯ ನಾಲ್ಕು ಮನೆ ಸುತ್ತುತ್ತಿತ್ತು. ನಾಲ್ಕನೆಯ ಮನೆ ಮುಟ್ಟುವಷ್ಟರಲ್ಲಿ ಮೊದಲನೆಯ ಮನೆಯವರು ಕಥೆಯನ್ನು ನೀರಿನ ಸರದಿಯಲ್ಲಿ ಹೇಳಿ ಮುಗಿಸಿರುತ್ತಿದ್ದರು. ಆದರೂ ಓದುತ್ತಿದ್ದರು. ಕಂತುಗಳನ್ನು ಹರಿದು, ದಬ್ಬಣದಿಂದ ಹೊಲಿದು, ಪುಸ್ತಕ ಮಾಡಿಟ್ಟುಕೊಳ್ಳುವವರೂ ಇದ್ದರು. ಅದರಲ್ಲಿ ಒಂದು ಕಂತು ಯಾವತ್ತೂ ಇರುತ್ತಿರಲಿಲ್ಲ, ಅದೇ ಮುಖ್ಯದ್ದಾಗಿರುತ್ತಿತ್ತು.

ಹಾವೇರಿ ಸೀಮೆಯ ಗಳಗನಾಥರು ಈ ವಾರಪತ್ರಿಕೆಗಳಿಗೂ ಮೊದಲೇ ಅಗಡಿಯ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಕಾದಂಬರಿ ಬರೆದು ತಿಂಗಳು ತಿಂಗಳು ಜನರನ್ನು ಕಾಯಿಸಿದವರು. ಆಮೇಲೆ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇಂಗ್ಲೆಂಡಿನ ಡಿಕನ್ಸ್ 1836ರಲ್ಲಿ ‘ಪಿಕ್‌ವಿಕ್ ಪೇಪರ್ಸ್’ ಅನ್ನು ತಿಂಗಳ ಕಂತಿನಲ್ಲಿ ಶುರುಮಾಡಿ ಹೆಸರು, ಹಣ ಎರಡನ್ನೂ ಗಳಿಸಿದ. ಗಂಟು ಹೊರುವ ಕೆಲಸ ಅವನಿಗೆ ಬರಲಿಲ್ಲ.

ಮುಂದೇನಾಗುತ್ತದೋ ಎಂಬ ಕುತೂಹಲವೇ ಕಂತಿನ ಜೀವ ಎನ್ನುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಬಾಬಾಸಾಹೇಬರನ್ನು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ದು ಆ ಊರಿನ ಶಾಲೆಯ ಹುಡುಗರಿಗೂ ಗೊತ್ತು; ಆದರೂ ಕಟ್ಟೆಯ ಮೇಲೆ ಹಿರಿಯರು ಆ ಕಥೆ ಎತ್ತಿಕೊಂಡರೆ ನಡುವೆ ಎದ್ದು ಹೋಗುವವರಿಲ್ಲ. ಗೊತ್ತಿದ್ದದ್ದನ್ನೇ ಇನ್ನೊಮ್ಮೆ, ಹತ್ತು ಜನರ ನಡುವೆ, ತಡಮಾಡಿ ಕೇಳುವ ರುಚಿ ಬೇರೆ. ಗೊತ್ತಿಲ್ಲದ ಕಥೆಗಾದರೆ ಅವಸರ ಮಾಡುತ್ತೇವೆ. ಕೊನೆಯ ಪುಟವನ್ನು ಮೊದಲು ತೆರೆಯುವ ಪಾಪಿಗಳೂ ನಮ್ಮಲ್ಲಿದ್ದಾರೆ.

ಗಜೇಂದ್ರಗಡದ ಕಡೆಯ ಒಂದು ಮನೆಯಲ್ಲಿ ಅತ್ತೆ ಸೊಸೆಗೆ ಹೇಳುತ್ತಿದ್ದರು: “ಇವತ್ತ ಪುರಾಣದಾಗ ಮದುವಿ ಐತಿ, ಲಗೂನ ರೊಟ್ಟಿ ಬಡಿ.”

“ಹ್ವಾದ ವರ್ಷನೂ ಅದ ಮದುವಿಗೆ ಹೋಗಿದ್ರಲ್ರೀ ಅತ್ತಿ?”

“ಹ್ವಾದ ವರ್ಷದ್ದು ಹ್ವಾದ ವರ್ಷಕ್ಕಾತು. ಈ ಸಲ ಶಾಸ್ತ್ರಿಗೋಳು ಬ್ಯಾರೆ ಅದಾರ.”