ಬಿಡಿಯಾಗಿ ಬರಲ್ಲ ಸಾರ್

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ 11 ಗಪ್ಪಿಗಳಿವೆ. ಇದು ಬೆಳಗಿನ ಲೆಕ್ಕ. ಗಪ್ಪಿಗಳ ಸಂಸಾರದಲ್ಲಿ ಸಂಜೆಯ ಲೆಕ್ಕವೇ ಬೇರೆ. ಅಷ್ಟೂ ಜೀವಗಳ ಭಾರ ಹೊತ್ತಿರುವುದು ಒಂದು ಸ್ಪಂಜ್ ಫಿಲ್ಟರ್. ಹೊರಗಿನ ಪಂಪು ಗಾಳಿ ಊದುತ್ತದೆ. ಗುಳ್ಳೆಗಳು ಕೊಳವೆಯಲ್ಲಿ ಮೇಲೇರುತ್ತಾ ನೀರನ್ನೂ ಎಳೆದೊಯ್ಯುತ್ತವೆ. ಆ ಜಾಗಕ್ಕೆ ತೊಟ್ಟಿಯ ನೀರು ಸ್ಪಂಜನ್ನು ಹಾದು ಬರುತ್ತದೆ, ಕಸ ಸ್ಪಂಜಿನಲ್ಲೇ ಉಳಿಯುತ್ತದೆ. “ಇದ್ರಲ್ಲಿ ಕೆಡೋಕೆ ಏನಿದೆ ಸಾರ್?” ಅಂದಿದ್ದ ಅಂಗಡಿಯವನು. ನಿಜ, ಕೆಡಲಿಲ್ಲ. ಕಳೆಯಿತು.

ಕಳೆದದ್ದು ಮೂತಿ. ಗಾಳಿಯ ನಳಿಕೆಯನ್ನು ಕೊಳವೆಗೆ ಕಚ್ಚಿಸುವ, ಅವರೆಕಾಳಿನಷ್ಟು ದಪ್ಪದ ಪ್ಲಾಸ್ಟಿಕ್ ತುಣುಕು. ಭಾನುವಾರ ಸ್ಪಂಜ್ ಹಿಂಡಿದ ಕೊಳೆನೀರನ್ನು ಬಚ್ಚಲಿಗೆ ಸುರಿಯುವಾಗ ‘ಟಕ್’ ಎಂದಿತು.

“ಮೀನೇನಾದ್ರೂ ಹೋಯ್ತಾ?” ಅಡುಗೆಮನೆಯಿಂದ ಹೆಂಡತಿ.

“ಮೀನಲ್ಲ, ಮೂತಿ.”

“ಸದ್ಯ!”

ಸದ್ಯವೇನು ಬಂತು? ಮೀನು ಹೋಗಿದ್ದರೆ ಇನ್ನೊಂದು ಸಿಗುತ್ತಿತ್ತು.

ಶಿವಾಜಿನಗರಕ್ಕೆ ಹೋದೆ. ಅಲ್ಲಿ ಫಿಲ್ಟರುಗಳಿಗೆ ಹೆಸರಿಲ್ಲ, ಆಟೋಗಳ ಹಾಗೆ ನಂಬರು: ಎಕ್ಸ್‌ವೈ 180, 380, 2831. ನಮ್ಮದರ ನಂಬರು ಪಾಚಿಯಡಿ ಅಳಿಸಿಹೋಗಿತ್ತು. ಮೊದಲ ಅಂಗಡಿಯವ, “ಬಿಡಿಯಾಗಿ ಬರಲ್ಲ ಸಾರ್, ಸೆಟ್ ತಗೊಳ್ಳಿ” ಎಂದ. ಎರಡನೆಯವನೂ ಅದನ್ನೇ ಅಂದ. ಮೂರನೆಯವನು ನಾನು ಬಾಯಿ ತೆರೆಯುವ ಮೊದಲೇ ಅಂದ. ಗುಂಡಿ ಕಿತ್ತುಹೋಯಿತೆಂದರೆ ಹೊಸ ಅಂಗಿ ಹೊಲಿಸಿಕೊಳ್ಳಿ ಎನ್ನುವ ಜನ! ಸೋತು ಒಂದು ಸೆಟ್ ತಂದೆ. ಅದರ ಮೂತಿ ನಮ್ಮ ಕೊಳವೆಗೆ ದೊಡ್ಡದು.

“ಹಾಗಾದ್ರೆ ಹೊಸದನ್ನೇ ಪೂರ್ತಿ ಹಾಕಿ” ಎಂದಳು ಹೆಂಡತಿ. ಹೇಳುವುದು ಸುಲಭ. ಹಳೆ ಸ್ಪಂಜಿನೊಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಒಂದು ಊರೇ ಇದೆ. ಮೀನಿನ ಹೊಲಸಿನ ಅಮೋನಿಯಾವನ್ನು ಕೆಲವು ನೈಟ್ರೈಟ್ ಮಾಡುತ್ತವೆ, ಅದನ್ನು ಇನ್ನು ಕೆಲವು ನೈಟ್ರೇಟ್ ಮಾಡುತ್ತವೆ. ‘ಟ್ರೈ’ಗೂ ‘ಟ್ರೇ’ಗೂ ನಮಗೆ ಬರೀ ಉಚ್ಚಾರದ ವ್ಯತ್ಯಾಸ, ಮೀನಿಗೆ ಅದು ಜೀವದ ಪ್ರಶ್ನೆ. ಹೊಸ ಸ್ಪಂಜಿನಲ್ಲಿ ಆ ಊರು ಕಟ್ಟಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿಯ ಕ್ಲೋರಿನ್ ನೀರಲ್ಲಿ ತೊಳೆದರೆ ಊರು ಹಾಳು, ಅದಕ್ಕೇ ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡುವುದು. ಅಂದರೆ ಇಡೀ ಯಂತ್ರದಲ್ಲಿ ಬೆಲೆಬಾಳುವುದು ಆ ಕೊಳಕೇ, ಮಿಕ್ಕದ್ದೆಲ್ಲ ಪ್ಲಾಸ್ಟಿಕ್. ಇದನ್ನೆಲ್ಲ ವಿವರಿಸಿದೆ. “ಸ್ನಾನದ ಟವೆಲ್ಲಿಗೂ ಇದೇ ಕಾರಣಾನಾ?” ಅಂದಳು.

ಹಳೆ ಸ್ಪಂಜನ್ನೇ ಹೊಸ ಕೊಳವೆಗೆ ತೊಡಿಸೋಣವೆಂದರೆ ತೂತು ಬಿಗಿ. ಪೈಪಿನ ಅಂಗಡಿಗೆ ಓಡಿ ಅರ್ಧ ಇಂಚಿನದು ಕೇಳಿದೆ. ಅಲ್ಲಿ ನನ್ನ ಬಾಲ್ಯದ ಗಣಿತಕ್ಕೇ ಧಕ್ಕೆ ಬಂತು. ಅರ್ಧ ಇಂಚೆಂದರೆ 12.7 ಮಿಲಿಮೀಟರ್ ತಾನೆ? ಅವನ ಅರ್ಧ ಇಂಚಿನ ಯುಪಿವಿಸಿ ಪೈಪಿನ ಹೊರ ಅಳತೆ 21.3, ಸಿಪಿವಿಸಿಯದು 15.9. “ಎರಡೂ ಅರ್ಧ ಇಂಚೇ ಸಾರ್, ನಿಮಗ್ಯಾವ ಅರ್ಧ ಬೇಕು?” ನನಗೆ ಬೇಕಾದ ಅರ್ಧ ಎರಡೂ ಅಲ್ಲ.

ಅಷ್ಟರವರೆಗೆ ನಳಿಕೆಯನ್ನು ಬೆಂಕಿಕಡ್ಡಿ ಸೇರಿಸಿ ಕೊಳವೆಗೆ ತುರುಕಿದ್ದೆ. ನಡುರಾತ್ರಿ ಅದು ಬಿಡಿಸಿಕೊಂಡು ಹೊರಬಂದು ಹಾವಿನ ಹಾಗೆ ತಲೆಯಾಡಿಸುತ್ತಾ ಗೋಡೆ, ಕ್ಯಾಲೆಂಡರು, ಮಾವನವರ ಫೋಟೋ ಎಲ್ಲಕ್ಕೂ ನೀರು ಚಿಮುಕಿಸಿತು. ಫೋಟೋ ನೆನೆದದ್ದು ಮಾತ್ರ ಈಗಲೂ ಆಗಾಗ ಮಾತಿಗೆ ಬರುತ್ತದೆ.

ಕೊನೆಗೆ ಕೈ ಹಿಡಿದವನು ಕೋಲಾರದಲ್ಲಿ ಟೊಮೇಟೊ ಬೆಳೆಯುವ ಚಿಕ್ಕಪ್ಪನ ಮಗ. ಮದುವೆಮನೆಯ ಊಟದ ಸಾಲಿನಲ್ಲಿ ನನ್ನ ಗೋಳು ಕೇಳಿ, ಜೇಬಿನಿಂದ ಬೀಗದ ಕೈ ತೆಗೆಯುವಷ್ಟು ಸಲೀಸಾಗಿ ಒಂದು ಕರಿ ತುಣುಕು ತೆಗೆದ. ಹನಿ ನೀರಾವರಿಯ 4 ಮಿಲಿಮೀಟರಿನ ಕನೆಕ್ಟರ್. ಮನೆಗೆ ಬಂದು ಸಿಕ್ಕಿಸಿದೆ, ಕಚ್ಚಿಕೊಂಡಿತು. ಗುಳ್ಳೆಗಳು ಬುಳುಬುಳು ಎಂದವು. ಇಷ್ಟು ದಿನದ ಖರ್ಚನ್ನು ಹೆಂಡತಿಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಈಗ ನನ್ನ ಮೇಜಿನ ಖಾನೆಯಲ್ಲಿ ಮೂರು ತಳ, ಎರಡು ಕೊಳವೆ, ಅಳತೆಗೆ ಕೂರದ ನಾಲ್ಕು ಸ್ಪಂಜು, ಗಾಜಿಗೆ ಅಂಟಿಸುವ ಒಂದು ಹಿಡಿ ರಬ್ಬರ್ ಬಟ್ಟಲುಗಳಿವೆ. ನಿಮ್ಮ ಫಿಲ್ಟರಿನದು ಏನಾದರೂ ಕಳೆದಿದ್ದರೆ ಸಂಕೋಚವಿಲ್ಲದೆ ಬನ್ನಿ, ಎಲ್ಲವೂ ಬಿಡಿಯಾಗಿಯೇ ಸಿಗುತ್ತದೆ. ಮೂತಿ ಒಂದನ್ನು ಮಾತ್ರ ಕೇಳಬೇಡಿ.