ಮೆಕ್ಸಿಕನ್ ಹೋಟೆಲಿಗೆ ಹೋದರೆ ರೊಟ್ಟಿ ಕೇಳಿ

ಪಕ್ಕದ ಮನೆ ವೈನಿಯವರದು ಒಂದೇ ತಕರಾರು. “ಮೈದಾ ಚಪಾತ್ಯಾಗ ಅನ್ನ, ರಾಜ್ಮಾ ಸುತ್ತಿ ಕೊಡ್ತಾರ. ಅದನ್ನ ತಿನ್ನಲಿಕ್ಕ ಗಚ್ಚಿಬೌಲಿ ತನಕ ಹೋಗಬೇಕೇನ್ರಿ ಅಕ್ಕಾರ?” ಭಾನುವಾರ ಮಗ-ಸೊಸೆ ಅವರನ್ನು ಮೆಕ್ಸಿಕನ್ ಹೋಟೆಲಿಗೆ ಕರೆದುಕೊಂಡು ಹೋಗುವವರಿದ್ದಾರೆ. ವೈನಿ ಕಲಬುರಗಿ ಕಡೆಯವರು, ಈಗಲೂ ದಿನಾ ರೊಟ್ಟಿ ಬಡಿಯುತ್ತಾರೆ. ಈ ಊಟದ ವಿಷಯ ಅವರಿಗೆ ಹೇಳದೆ ಇನ್ಯಾರಿಗೆ ಹೇಳಲಿ? ಬಟ್ಟೆ ಒಣಹಾಕುವುದನ್ನು ಅಲ್ಲಿಗೇ ಬಿಟ್ಟು ಕಾಂಪೌಂಡ್ ಗೋಡೆಗೆ ಒರಗಿ ನಿಂತೆ.

ವೈನಿ ಹೇಳಿದ್ದು ಸುಳ್ಳಲ್ಲ. ಹೈದರಾಬಾದಿನಲ್ಲಿ ಮೆಕ್ಸಿಕನ್ ಎಂದು ಬೋರ್ಡು ಹಾಕಿಕೊಂಡ ಬಹುಪಾಲು ಕಡೆ ಸಿಗುವುದು ಅಮೆರಿಕದ ಬಾಯಿಗೆ ಒಗ್ಗಿಸಿಕೊಂಡ ಊಟ. ಟಾಕೊ ಬೆಲ್ ಕ್ಯಾಲಿಫೋರ್ನಿಯಾದ ಕಂಪನಿ. ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು 2010ರಲ್ಲಿ, ಬೆಂಗಳೂರು ಮಲ್ಲೇಶ್ವರದ ಮಂತ್ರಿ ಮಾಲ್‌ನಲ್ಲಿ. ಕ್ಯಾಲಿಫೋರ್ನಿಯಾ ಬರಿಟೊ ಶುರುವಾದದ್ದೂ ಬೆಂಗಳೂರಿನಲ್ಲೇ, 2012ರಲ್ಲಿ, ಬರ್ಟ್ ಮುಲ್ಲರ್ ಎಂಬ ಅಮೆರಿಕದ ತರುಣನಿಂದ. ಎರಡೂ ಆಮೇಲೆ ನಮ್ಮ ಊರಿಗೆ ಬಂದವು. ಮೇಲೆ ಚೀಸ್ ಸುರಿದು ಕೊಡುವ ನಾಚೋಸ್ ಕೂಡ ಪುರಾತನದ್ದೇನಲ್ಲ. 1940ರ ದಶಕದ ಆರಂಭದಲ್ಲಿ, ಟೆಕ್ಸಾಸಿಗೆ ಅಂಟಿಕೊಂಡ ಗಡಿಯೂರು ಪಿಯೆದ್ರಾಸ್ ನೆಗ್ರಾಸ್‌ನಲ್ಲಿ ಇಗ್ನಾಸಿಯೊ ಅನಾಯಾ ಎಂಬಾತ ಅಮೆರಿಕದಿಂದ ಬಂದ ಗಿರಾಕಿಗಳಿಗಾಗಿ ಮಾಡಿಕೊಟ್ಟ ತಿಂಡಿ ಅದು.

ಹಾಗಂತ ಮೈದಾ ಸುರುಳಿ ಮೋಸ ಎಂದೂ ನಾನು ಹೇಳುವುದಿಲ್ಲ. ಸ್ಪೇನಿನವರು ಗೋಧಿ ಒಯ್ದ ಮೇಲೆ ಮೆಕ್ಸಿಕೊದ ಉತ್ತರದ ಸೊನೋರಾ ಕಡೆ ಅದು ಚೆನ್ನಾಗಿ ಬೆಳೆಯಿತು. ಅಲ್ಲಿನವರು ಅಗಲವಾದ ಗೋಧಿ ರೊಟ್ಟಿ ಮಾಡಲು ಕಲಿತರು. ಈ ಸುರುಳಿ, ಅಂದರೆ ಬರಿಟೊ, ಆ ಕಡೆಯದು. ಆದರೆ ಆ ದೇಶ ಹಸಿವಾದಾಗ ನೆನೆಯುವುದು ಮೆಕ್ಕೆಜೋಳದ ರೊಟ್ಟಿಯನ್ನು, ತೋರ್ತಿಯಾವನ್ನು. ಅದನ್ನು ತಿನ್ನದೆ ಮೆಕ್ಸಿಕನ್ ಊಟ ಮಾಡಿ ಬಂದೆವು ಎನ್ನುವುದು, ಕಲಬುರಗಿಗೆ ಹೋಗಿ ಬ್ರೆಡ್ ತಿಂದು ಬಂದಂತೆ.

“ಗೋವಿನಜ್ವಾಳದ ರೊಟ್ಟಿ ನಾವೂ ಮಾಡ್ತೀವಲ್ರಿ. ಅದ್ರಾಗೇನದ?”

ಅದರಲ್ಲಿ ಸುಣ್ಣ ಇದೆ ವೈನಿ, ಎಂದೆ. ನೀವು ಎಲೆಗೆ ಹಚ್ಚುತ್ತೀರಲ್ಲ, ಅದೇ ಸುಣ್ಣ. ಅಲ್ಲಿನವರು ಕಾಳನ್ನು ಹಾಗೇ ಗಿರಣಿಗೆ ಹಾಕುವುದಿಲ್ಲ. ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ತೊಳೆದು ಕಲ್ಲಿನಲ್ಲಿ ಅರೆಯುತ್ತಾರೆ. ನಾನೂ ಮನೆಯಲ್ಲಿ ಮಾಡಿ ನೋಡಿದ್ದೇನೆ. ಕಿಲೋ ಒಣಕಾಳಿಗೆ ಹತ್ತು ಗ್ರಾಂ ಸುಣ್ಣ ಸಾಕು. ಕುದಿಯುವಾಗಲೇ ಕಾಳಿನ ಬಣ್ಣ ಗಾಢವಾಗುತ್ತದೆ, ನೀರು ಅರಿಶಿನ ಕದಡಿದ ಹಾಗೆ ಹಳದಿಗೆ ತಿರುಗುತ್ತದೆ. ಬೆಳಿಗ್ಗೆ ಎರಡು ಅಂಗೈ ನಡುವೆ ಉಜ್ಜಿದರೆ ಸಿಪ್ಪೆ ಲೋಳೆಲೋಳೆಯಾಗಿ ಬಿಟ್ಟು ಬರುತ್ತದೆ. ಮೂರು ನಾಲ್ಕು ನೀರು ತೊಳೆಯಬೇಕು. ಅರೆದ ಹಿಟ್ಟಿಗೆ ಒಂದು ಜಿಗುಟು ಬಂದಿರುತ್ತದೆ. ಬರೀ ಮೆಕ್ಕೆಜೋಳದ ಹಿಟ್ಟು ಎಷ್ಟು ಬಿಸಿನೀರು ಹಾಕಿ ನಾದಿದರೂ ಆ ಹದಕ್ಕೆ ಬರುವುದಿಲ್ಲ. ತೆಳ್ಳಗೆ ಒತ್ತಿ ಕಾದ ಹೆಂಚಿನ ಮೇಲೆ ಹಾಕಿ, ಎರಡನೇ ಸಲ ಮಗುಚಿದಾಗ ಉಬ್ಬುತ್ತದೆ. ಮಡಚಿದರೆ ಮುರಿಯುವುದಿಲ್ಲ. ಅದರ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಅಂಗಡಿಯ ಗರಿಗರಿ ಟಾಕೊ ಚಿಪ್ಪಿಗೂ ಇದಕ್ಕೂ ನಂಟೇ ಇಲ್ಲ ಅನ್ನಿಸುತ್ತದೆ.

ಈ ಸುಣ್ಣದ ಬೇಯಿಸುವಿಕೆ 3000 ವರ್ಷಕ್ಕೂ ಹಳೆಯದು. ರುಚಿಗೆ ಮಾತ್ರ ಮಾಡಿದ್ದಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವನ್ನು ನಮ್ಮ ಹೊಟ್ಟೆ ಹಾಗೇ ಬಿಡಿಸಿಕೊಳ್ಳಲಾರದು, ಸುಣ್ಣ ಬಿಡಿಸಿಕೊಡುತ್ತದೆ. ಯುರೋಪಿನವರು ಕಾಳನ್ನು ಒಯ್ದರು, ಸುಣ್ಣದ ವಿದ್ಯೆಯನ್ನು ಅಲ್ಲೇ ಬಿಟ್ಟರು. ಇಟಲಿ, ಸ್ಪೇನ್, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬರೀ ಮೆಕ್ಕೆಜೋಳ ತಿಂದು ಬದುಕಿದ ಬಡವರಿಗೆ ಪೆಲಾಗ್ರಾ ಎಂಬ ರೋಗ ಬಡಿಯಿತು. ಬಿಸಿಲು ಬಿದ್ದಲ್ಲಿ ಚರ್ಮ ಕಪ್ಪಿಟ್ಟು ಬಿರಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿಯೂ ಕದಡುತ್ತದೆ.

ಈ ಕಥೆಯ ಒಂದು ಎಳೆ ನಮ್ಮ ತಾರ್ನಾಕದಲ್ಲೇ ಇದೆ ಎಂದಾಗ ವೈನಿ ಕೈಲಿದ್ದ ಸೊಪ್ಪಿನ ಬುಟ್ಟಿ ಕೆಳಗಿಟ್ಟರು. ಅಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ ಕೂನೂರಿನಿಂದ ಹೈದರಾಬಾದಿಗೆ ಬಂದದ್ದು 1958ರಲ್ಲಿ. ಇಲ್ಲಿನ ಬಡವರಲ್ಲೂ ವೈದ್ಯರು ಪೆಲಾಗ್ರಾ ಕಂಡರು. ಆದರೆ ಇವರು ತಿನ್ನುತ್ತಿದ್ದುದು ಮೆಕ್ಕೆಜೋಳವಲ್ಲ, ಬಿಳಿಜೋಳ. ಡಾ. ಸಿ. ಗೋಪಾಲನ್ ಮತ್ತು ಡಾ. ಶ್ರೀಕಂಟಿಯಾ ಇದರ ಬೆನ್ನು ಹತ್ತಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೊ ಆಮ್ಲ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಅದರ ಮೇಲೆ ಮುಂದೆ ವಾದ ವಿವಾದ ನಡೆಯಿತು, ಅದು ಬೇರೆ ಮಾತು.

“ನಮ್ಮವ್ವ ರೊಟ್ಟಿ ಜತಿಗಿ ಬ್ಯಾಳಿ, ಪುಂಡಿಪಲ್ಯ, ಮಸರು ಹಾಕದ ಬಿಡ್ತಿದ್ದಿಲ್ಲ ನೋಡ್ರಿ. ನಮಗ ಯಾವ ಬ್ಯಾನಿ ಬರ್ಲಿಲ್ಲ.”

ಮೆಕ್ಸಿಕೊದ ಅವ್ವಂದಿರೂ ಅದನ್ನೇ ಮಾಡಿದ್ದು. ರೊಟ್ಟಿಯ ಜೊತೆ ಬೀನ್ಸ್ ಕಾಳು, ಸೊಪ್ಪು, ಮೆಣಸಿನಕಾಯಿ ಅರೆದ ಚಟ್ನಿ. ನಾವು ಪಂಜಾಬಿನದೆಂದು ತಿಳಿದಿರುವ ರಾಜ್ಮಾ ಆ ಕಡೆಯಿಂದಲೇ ಬಂದದ್ದು. ಮೆಣಸಿನಕಾಯಿ, ಟೊಮೆಟೊ, ಸೀಬೆ, ಸಪೋಟ, ಪರಂಗಿ, ಎಲ್ಲವೂ ಸಮುದ್ರ ದಾಟಿ ಬಂದವು. ಇದನ್ನೆಲ್ಲ ಕೂತು ಬರೆದಿಟ್ಟವರು ಕೆ. ಟಿ. ಅಚ್ಚಯ್ಯ. 1923ರಲ್ಲಿ ನಮ್ಮ ಕೊಳ್ಳೇಗಾಲದಲ್ಲಿ ಹುಟ್ಟಿದವರು. ಅವರೂ ಎರಡು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ್ದು ಇದೇ ತಾರ್ನಾಕದ ಪ್ರಾದೇಶಿಕ ಸಂಶೋಧನಾಲಯದಲ್ಲಿ; ಈಗ ಅದಕ್ಕೆ ಐಐಸಿಟಿ ಎನ್ನುತ್ತಾರೆ. ಎಣ್ಣೆಕಾಳುಗಳ ವಿಜ್ಞಾನಿ, ಆದರೆ ಭಾರತದ ಊಟದ ಚರಿತ್ರೆಯನ್ನು 1994ರಲ್ಲಿ ಅವರು ಪುಸ್ತಕ ಮಾಡಿದ ಮೇಲೆ ಆ ವಿಷಯ ಬರೆಯುವವರೆಲ್ಲ ಅದನ್ನು ತೆರೆಯದೆ ಮುಂದೆ ಹೋಗುವ ಹಾಗಿಲ್ಲ. ಊಟದ ಊರೆಂದು ಯುನೆಸ್ಕೊ 2019ರಲ್ಲಿ ಹೈದರಾಬಾದನ್ನು ತನ್ನ ಪಟ್ಟಿಗೆ ಸೇರಿಸಿತು. ಆ ಸಂಭ್ರಮದಲ್ಲಿ ಬಿರಿಯಾನಿ, ಹಲೀಮು ನೆನೆದ ಹಾಗೆ ಅಚ್ಚಯ್ಯನವರನ್ನೂ ನೆನೆಯಬೇಕಿತ್ತು.

“ಖಾರ ಭಾಳ ಇರ್ತದೇನ್ರಿ?”

ಅದರ ಚಿಂತೆ ಬೇಡ. ಹೋಳು ಮಾಡಿ ಮೇಲೆ ಉದುರಿಸುವ ಹಾಲಪೇನೊ ಮೆಣಸಿನಕಾಯಿ, ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ, 2500ರಿಂದ 8000ದ್ದು. ನಾವು ದಿನಾ ತಿನ್ನುವ ಗುಂಟೂರು ಕಾಯಿ 35000ದ ಆಸುಪಾಸು. ಅವರ ಮೆಣಸಿನಕಾಯಿಯ ಹೆಚ್ಚುಗಾರಿಕೆ ಖಾರದಲ್ಲಿಲ್ಲ, ಬಗೆಯಲ್ಲಿದೆ. ಒಂದನ್ನು ಹಣ್ಣಾದ ಮೇಲೆ ಹೊಗೆಯಲ್ಲಿ ಒಣಗಿಸುತ್ತಾರೆ, ಇನ್ನೊಂದನ್ನು ಬಣ್ಣಕ್ಕೆಂದೇ ಇಡುತ್ತಾರೆ, ನಾವು ಬ್ಯಾಡಗಿ ಇಟ್ಟ ಹಾಗೆ. ಇನ್ನು ನಿಮ್ಮ ಮೊಮ್ಮಗನಿಗೆ ಇಷ್ಟದ ಶವರ್ಮಾ: ಲೆಬನಾನಿನಿಂದ ಮೆಕ್ಸಿಕೊದ ಪ್ವೆಬ್ಲಾಕ್ಕೆ ಹೋಗಿ ನೆಲೆಸಿದವರು ಅದೇ ಸುತ್ತುವ ಕಂಬಿಯನ್ನು ಒಯ್ದರು, ಅಲ್ಲಿ ಅದರಿಂದ ಟಾಕೊದ ಹೊಸ ವಂಶವೇ ಹುಟ್ಟಿತು. ಹೈದರಾಬಾದಿನ ಬೀದಿಬೀದಿಯಲ್ಲಿ ಶವರ್ಮಾ ಇದೆ. ಅದಕ್ಕೊಂದು ಸರಿಯಾದ ಮೆಕ್ಕೆಜೋಳದ ರೊಟ್ಟಿ ಸೇರಿಸುವವರು ಯಾಕೆ ಬರಬಾರದು?

ಆದ್ದರಿಂದ ಭಾನುವಾರ ಮೆನು ಕಾರ್ಡು ಕೈಗೆ ಬಂದ ಕೂಡಲೇ ಮೊದಲು ರೊಟ್ಟಿಯ ವಿಷಯ ಕೇಳಿ, ಎಂದೆ. ಮೈದಾದ್ದೋ, ಮೆಕ್ಕೆಜೋಳದ್ದೋ? ಪ್ಯಾಕೆಟ್ಟಿನದೋ, ಇಲ್ಲೇ ಒತ್ತಿದ್ದೋ? ಕೇಳಿದವರಿಗೆ ಎತ್ತಿಟ್ಟಿದ್ದನ್ನು ತಂದು ಕೊಡುವ ಹೋಟೆಲುಗಳಿವೆ. ಎಲ್ಲರೂ ಕೇಳತೊಡಗಿದರೆ ಎತ್ತಿಡುವ ಗೋಜೇ ಇರುವುದಿಲ್ಲ. ಜೊತೆಗೆ ಗ್ವಾಕಮೋಲೆ ಹೇಳಿ, ಅದು ನಮ್ಮ ಕೊಡಗಿನವರೂ ಬೆಳೆಯುವ ಬೆಣ್ಣೆಹಣ್ಣಿನ ಚಟ್ನಿ. ಚೀಸ್ ಕಡಿಮೆ ಹಾಕಲು ಹೇಳಿ.

ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಿಳಿಜ್ವಾಳನೂ ಹಂಗ ಸುಣ್ಣದಾಗ ಕುದಿಸಿದ್ರ ಆಗ್ತದೇನ್ರಿ?” ಎಂದರು.

ಆಗುತ್ತದೆ. ಮೆಕ್ಸಿಕೊದ ಕೆಳಗಿನ ಎಲ್ ಸಾಲ್ವಡಾರ್, ಹೊಂಡುರಾಸ್‌ಗಳಲ್ಲಿ ಮಳೆ ಕೈಕೊಟ್ಟ ಒಣನೆಲದ ರೈತರು ಬಿಳಿಜೋಳವನ್ನೇ ಸುಣ್ಣದಲ್ಲಿ ಬೇಯಿಸಿ ತೋರ್ತಿಯಾ ಮಾಡುತ್ತಾರೆ. ಜೋಳದ ಮೇಲೆ ಜಗತ್ತಿಗೇ ಬೇಕಾದ ಸಂಶೋಧನೆ ನಡೆಸುವ ಇಕ್ರಿಸ್ಯಾಟ್ ಇರುವುದು ನಮ್ಮ ಪಟಾಂಚೆರುವಿನಲ್ಲಿ. ರೊಟ್ಟಿ ಬಡಿಯುವ ಕೈಗಳಿಗೆ ಈ ಊರಲ್ಲಿ ಬರವಿಲ್ಲ. ಹೈಟೆಕ್ ಸಿಟಿಯ ಯಾವುದಾದರೂ ಹೋಟೆಲಿನವರು ಮೈದಾ ಬಿಟ್ಟು ಜೋಳಕ್ಕೆ ಬರಲಿ, ಮೊದಲ ದಿನವೇ ವೈನಿಯನ್ನು ಕರೆದುಕೊಂಡು ನಾನು ಹಾಜರಿರುತ್ತೇನೆ.